ಗುಂಗುರು ಕೂದಲಿಗೆ ಮೊಹಾಕ್: ಕತ್ತರಿ ಬೇಡ, ಪಿನ್ ಸಾಕು

ಮೊಹಾಕ್ ಅಂದ ಕೂಡಲೇ ಎರಡೂ ಬದಿ ನುಣ್ಣಗೆ ಬೋಳಿಸಿ, ನಡುವೆ ಹುಂಜದ ಜುಟ್ಟಿನ ಹಾಗೆ ಕೂದಲು ನಿಲ್ಲಿಸಿದ ತಲೆ ಕಣ್ಣ ಮುಂದೆ ಬರುತ್ತದೆ. ಬ್ರಿಟನ್ನಿನಲ್ಲಿ ಪಂಕ್ ಅನ್ನುವ ಬಂಡಾಯದ ರಾಕ್ ಸಂಗೀತದ ಹುಚ್ಚಿನ ಹುಡುಗ ಹುಡುಗಿಯರು ಅದನ್ನು ನೆಟ್ಟಗೆ ನಿಲ್ಲಿಸಲು ಸೋಪು, ಸಕ್ಕರೆ ನೀರು, ಮೊಟ್ಟೆಯ ಬಿಳಿ ಲೋಳೆ, ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಮೆತ್ತಿಕೊಳ್ಳುತ್ತಿದ್ದರು. ಗುಂಗುರು ಕೂದಲಿನವರಿಗೆ ಆ ಪಾಡಿಲ್ಲ. ಒಂದರ ಮೇಲೊಂದು ಒರಗಿ ನಿಲ್ಲುವ ಬುದ್ಧಿ ಸುರುಳಿಗಳಿಗೆ ಹುಟ್ಟಿನಿಂದಲೇ ಇದೆ. ಬದಿಗಳನ್ನು ಬೋಳಿಸುವುದೂ ಬೇಡ, ಬಿಗಿಯಾಗಿ ಒತ್ತಿ ಕೂರಿಸಿದರೆ ಆಯ್ತು.

ನಾನು ಮೊದಲ ಸಲ ಮಾಡಿದಾಗ ಎಲ್ಲ ಗಮನವನ್ನೂ ನಡುವಿನ ಜುಟ್ಟಿಗೇ ಕೊಟ್ಟೆ. ಅರ್ಧ ಡಬ್ಬಿ ಜೆಲ್ ಸುರಿದೆ. ಒಂದು ಗಂಟೆಯೊಳಗೆ ಅದರ ಭಾರಕ್ಕೇ ಜುಟ್ಟು ಒದ್ದೆ ಬಟ್ಟೆಯಂತೆ ಜೋತುಬಿತ್ತು. ಜುಟ್ಟು ಎತ್ತರ ಕಾಣುವುದು ಬದಿಗಳು ಚಪ್ಪಟೆಯಾಗಿದ್ದಾಗ ಮಾತ್ರ ಅನ್ನುವುದು ಆಮೇಲೆ ತಿಳಿಯಿತು. ಹಾಗಾಗಿ ಹೆಚ್ಚು ಹೊತ್ತು ಬದಿಗಳಿಗೇ ಕೊಡಿ.

ಮೊದಲು ತಲೆಸ್ನಾನ. ಗುಂಗುರು ಕೂದಲಿನಲ್ಲಿ ನೆತ್ತಿಯ ಎಣ್ಣೆ ಸುರುಳಿ ದಾಟಿ ತುದಿಯವರೆಗೆ ಇಳಿಯುವುದು ಕಷ್ಟ, ಅದಕ್ಕೇ ತುದಿಗಳು ಒಣಗಿರುತ್ತವೆ. ಕಂಡೀಷನರ್ ಧಾರಾಳವಾಗಿ ಹಚ್ಚಿ. ಅದು ತಲೆಯಲ್ಲಿ ಇರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಬುಡದ ಕಡೆಗೆ ಸಿಕ್ಕು ಬಿಡಿಸಿ. ತೊಳೆದ ಮೇಲೆ ಟವೆಲ್‌ನಿಂದ ತಿಕ್ಕಬೇಡಿ, ಹಳೆಯ ಹತ್ತಿ ಟೀ ಶರ್ಟ್‌ನಿಂದ ಹಿಂಡಿ. ಕೂದಲು ಒಣಗಿದ ಮೇಲೆ ಬಾಚಣಿಗೆ ಮುಟ್ಟಿದಿರೋ, ಸುರುಳಿಯೆಲ್ಲ ಹತ್ತಿಯ ಉಂಡೆ.

ಕೂದಲು ಅರೆ ಒದ್ದೆ ಇರುವಾಗ ಬೈತಲೆ ತೆಗೆಯಿರಿ. ಒಂದಲ್ಲ, ಎರಡು. ಎಡ ಹುಬ್ಬಿನ ಕಮಾನಿನ ನೇರಕ್ಕೆ ಹಣೆಯಿಂದ ಕುತ್ತಿಗೆಯವರೆಗೆ ಒಂದು, ಬಲಕ್ಕೆ ಇನ್ನೊಂದು. ನಡುವಿನ ಪಟ್ಟಿ ನಾಲ್ಕು ಬೆರಳಿನಷ್ಟು ಅಗಲ ಇದ್ದರೆ ಚೆನ್ನ. ಹಿಂದಿನ ಗೆರೆ ನಿಮಗೆ ಕಾಣುವುದಿಲ್ಲ. ಎರಡು ಕನ್ನಡಿ ಇಟ್ಟುಕೊಳ್ಳಿ, ಇಲ್ಲವೇ ಮನೆಯಲ್ಲಿ ಯಾರನ್ನಾದರೂ ಕರೆಯಿರಿ. ಗೆರೆ ಸೊಟ್ಟಗಾದರೆ ಜುಟ್ಟೂ ಸೊಟ್ಟಗೇ ನಿಲ್ಲುತ್ತದೆ. ನಡುವಿನ ಕೂದಲಿಗೆ ಒಂದಿಷ್ಟು ಜೆಲ್ ಹಚ್ಚಿ, ಅಂಗೈಯಲ್ಲಿ ಹಿಡಿದು ಮೇಲಕ್ಕೆ ಹಿಸುಕಿ, ಕ್ಲಿಪ್ ಹಾಕಿ ಸುಮ್ನೆ ಬಿಡಿ.

ಈಗ ಬದಿಗಳು. ಒಂದೊಂದು ಬದಿಯನ್ನೂ ಮೂರು ಪಾಲು ಮಾಡಿ: ಕಿವಿಯ ಮುಂದೆ, ಕಿವಿಯ ಮೇಲೆ, ಕಿವಿಯ ಹಿಂದೆ. ಪ್ರತಿ ಪಾಲಿಗೂ ಜೆಲ್ ಹಚ್ಚಿ, ಕೆಳಗಿನ ಅಂಚಿನಿಂದ ಶುರು ಮಾಡಿ ನೆತ್ತಿಗೆ ಅಂಟಿದ ಹಾಗೆ ಹುರಿ ಹೊಸೆಯುತ್ತಾ ಮೇಲಕ್ಕೆ ಒಯ್ಯಿರಿ. ಜಡೆ ಹೆಣೆಯಲು ಬರುವವರು ಅಕ್ಕಪಕ್ಕದ ಕೂದಲನ್ನು ಸೇರಿಸಿಕೊಳ್ಳುತ್ತಾ ಸಣ್ಣ ಜಡೆಯನ್ನೇ ಹೆಣೆಯಬಹುದು, ಅದು ಜಾಸ್ತಿ ಹೊತ್ತು ನಿಲ್ಲುತ್ತದೆ. ನಡುವಿನ ಪಟ್ಟಿಯ ಅಂಚು ಸಿಕ್ಕಿದಾಗ ಎರಡು ಹೇರ್‌ಪಿನ್‌ಗಳನ್ನು ಗುಣಾಕಾರ ಚಿಹ್ನೆಯಂತೆ ಅಡ್ಡಡ್ಡ ಸಿಕ್ಕಿಸಿ. ಪಿನ್ನಿನ ಅಂಕುಡೊಂಕು ಕಡೆ ನೆತ್ತಿಗೆ ತಾಗಿರಬೇಕು, ನುಣುಪಾದ ಕಡೆ ಹೊರಗೆ. ತುಂಬಾ ಜನ ಇದನ್ನು ಉಲ್ಟಾ ಹಾಕಿ, ಪಿನ್ ಜಾರುತ್ತದೆ ಅಂತ ಬೈಯುತ್ತಾರೆ. ಉಳಿದ ತುದಿಗಳನ್ನು ನಡುವಿನ ಕೂದಲಿನ ಜೊತೆ ಬಿಟ್ಟುಬಿಡಿ, ಜುಟ್ಟು ದಪ್ಪವಾಗುತ್ತದೆ.

ಬಿಗಿ ಇರಲಿ, ನೋವು ಬೇಡ. ಹುಬ್ಬು ಮೇಲಕ್ಕೆ ಎಳೆದಂತಾದರೆ ಬಿಚ್ಚಿ ಸಡಿಲ ಮಾಡಿ. ದಿನವೂ ಹೀಗೆ ಎಳೆದು ಕಟ್ಟಿದರೆ ಹಣೆಯ ಅಂಚಿನ ಕೂದಲು ಉದುರುತ್ತಾ ಬರುತ್ತದೆ.

ಬದಿಗಳನ್ನು ಅದುಮಿ ಒಂದು ತೆಳು ಸ್ಕಾರ್ಫ್ ಸುತ್ತಿ, ಪೂರ್ತಿ ಒಣಗಲು ಬಿಡಿ. ಒದ್ದೆಯಾದಾಗ ಕೂದಲಿನ ಒಳಗಿನ ಕೆಲವು ಬಂಧಗಳು ಸಡಿಲವಾಗುತ್ತವೆ. ಒಣಗುವಾಗ ಕೂದಲು ಹೇಗೆ ಇರುತ್ತದೋ ಹಾಗೆಯೇ ಮತ್ತೆ ಬಿಗಿಯುತ್ತವೆ. ಇಲ್ಲಿ ಅವಸರ ಮಾಡಿದರೆ ಹೊಸೆದದ್ದೆಲ್ಲ ವ್ಯರ್ಥ. ಈ ಹೊತ್ತಿನಲ್ಲಿ ನಡುವಿನ ಕ್ಲಿಪ್ ತೆಗೆದು, ತಲೆ ಬಗ್ಗಿಸಿ, ಡಿಫ್ಯೂಸರ್ (ಗಾಳಿಯನ್ನು ಹರಡಿ ಬಿಡುವ ಅಗಲ ಮೂತಿ) ಹಾಕಿದ ಹೇರ್ ಡ್ರೈಯರ್‌ನಿಂದ ಕಡಿಮೆ ಬಿಸಿಯಲ್ಲಿ ಒಣಗಿಸಿ. ಕೈ ಹಾಕಬೇಡಿ. ಪೂರ್ತಿ ಒಣಗಿದ ಮೇಲೆ ಜೆಲ್ ಗರಿಗರಿ ಅನ್ನಿಸುತ್ತದೆ. ಆಗ ಎರಡು ಹನಿ ಎಣ್ಣೆ ಕೈಗೆ ಸವರಿಕೊಂಡು ಹಗುರವಾಗಿ ಹಿಸುಕಿದರೆ ಗರಿ ಹೋಗಿ ಸುರುಳಿ ಮಾತ್ರ ಉಳಿಯುತ್ತದೆ.

ಇನ್ನು ನಿಲ್ಲಿಸುವ ಕೆಲಸ. ಕೂದಲು ಗಿಡ್ಡವಿದ್ದರೆ ಬುಡಕ್ಕೆ ಬೆರಳು ಹಾಕಿ ಎತ್ತಿದರೆ ಸಾಕು. ಭುಜ ದಾಟುವಷ್ಟಿದ್ದರೆ ನಡುವಿನ ಪಟ್ಟಿಯನ್ನು ಹಣೆಯಿಂದ ಹಿಂದಕ್ಕೆ ಸಾಲಾಗಿ ನಾಲ್ಕು ಪುಟ್ಟ ಜುಟ್ಟು ಮಾಡಿ ರಬ್ಬರ್ ಬ್ಯಾಂಡ್ ಹಾಕಿ. ಪ್ರತಿ ಜುಟ್ಟಿನ ಸುರುಳಿಗಳನ್ನು ಅರ್ಧಕ್ಕೆ ಮಡಚಿ ಬುಡದಲ್ಲಿ ಪಿನ್ ಮಾಡಿ, ಆಮೇಲೆ ಹಿಂದೆ ಮುಂದೆ ಹರಡಿ ಬ್ಯಾಂಡ್‌ಗಳನ್ನು ಮುಚ್ಚಿ. ಮುಂದಿನ ಜುಟ್ಟು ಎಲ್ಲಕ್ಕಿಂತ ಎತ್ತರ ಇರಲಿ. ಒಂದೆರಡು ಸುರುಳಿ ಹಣೆಗೆ ಬಿದ್ದರೆ ನನಗಂತೂ ಇಷ್ಟ. ಅಚ್ಚುಕಟ್ಟು ಜಾಸ್ತಿಯಾದರೆ ಕೇಕಿನ ಮೇಲಿನ ಕ್ರೀಮಿನ ಹಾಗೆ ಕಾಣುತ್ತದೆ.

ಕೊನೆಗೆ ಹೇರ್ ಸ್ಪ್ರೇ, ಒಂದು ಅಡಿ ದೂರದಿಂದ. ಅದು ಬೆಂಕಿ ಹತ್ತುವ ವಸ್ತು, ಒಲೆ, ಸಿಗರೇಟಿನ ಹತ್ತಿರ ಬೇಡ. ಅಂದ ಹಾಗೆ ಈ ಚಪಲ ಹೊಸದಲ್ಲ. 2003ರಲ್ಲಿ ಐರ್ಲೆಂಡಿನ ಜೌಗು ನೆಲದಲ್ಲಿ ಸಿಕ್ಕ, 2,000 ವರ್ಷಕ್ಕೂ ಹಳೆಯ ಗಂಡಸಿನ ದೇಹದಲ್ಲಿ ಕೂದಲು ಮೇಲೆತ್ತಿ ಕಟ್ಟಿದ್ದು ಕಂಡಿತ್ತು. ಅದಕ್ಕೆ ಹಚ್ಚಿದ್ದು ಸಸ್ಯದ ಎಣ್ಣೆ ಮತ್ತು ಪೈನ್ ಮರದ ಅಂಟು.

ರಾತ್ರಿ ಬಿಚ್ಚುವಾಗ ಮೊದಲು ಪಿನ್‌ಗಳನ್ನು ಎಣಿಸಿ ತೆಗೆಯಿರಿ. ಹಾಕಿದ್ದು ಎಷ್ಟು ಅಂತ ಬೆಳಿಗ್ಗೆಯೇ ಬರೆದಿಟ್ಟುಕೊಂಡರೆ ಒಳ್ಳೆಯದು, ದಿಂಬಿನ ಮೇಲೆ ಒರಗಿದಾಗ ಉಳಿದೊಂದು ಪಿನ್ ಚುಚ್ಚುವುದು ತಪ್ಪುತ್ತದೆ. ರಬ್ಬರ್ ಬ್ಯಾಂಡ್ ಎಳೆಯಬೇಡಿ, ಎಣ್ಣೆ ಸವರಿ ಜಾರಿಸಿ. ಆಮೇಲೆ ಬೆಚ್ಚಗಿನ ನೀರು, ಕಂಡೀಷನರ್, ಬೆರಳು. ಬಾಚಣಿಗೆಯ ಸರದಿ ಎಲ್ಲಕ್ಕಿಂತ ಕೊನೆಗೆ.