ಸೈಟಿನಲ್ಲಿ ಎಆರ್ ಮನೆ ಓರೆಯಾಗದಂತೆ ನಿಲ್ಲಿಸುವುದು ಹೇಗೆ?

ಬೆಂಗಳೂರಿನ 30×40 ಸೈಟುಗಳಿಗೆ ಈಗ ನಕ್ಷೆಯ ಜೊತೆ ಟ್ಯಾಬ್ ಕೂಡ ಬರುತ್ತಿದೆ. ಖಾಲಿ ಜಾಗಕ್ಕೆ ಹಿಡಿದರೆ ಪರದೆಯಲ್ಲಿ ಮನೆ ಎದ್ದು ನಿಲ್ಲಬೇಕು. ಇದೇ ಎಆರ್ (ಆಗ್ಮೆಂಟೆಡ್ ರಿಯಾಲಿಟಿ): ಕ್ಯಾಮೆರಾ ಕಾಣುವ ಜಾಗದ ಮೇಲೆ ಮನೆಯ ಕಂಪ್ಯೂಟರ್ ಮಾಡೆಲ್ ಕೂರಿಸುವುದು. ನಿಲ್ಲುತ್ತದೆ, ಆದರೆ ಅರ್ಧ ಪಕ್ಕದವರ ಕಾಂಪೌಂಡಿನೊಳಗೆ! ಎಲ್ಲರೂ ಆ್ಯಪ್‌ಗೆ ಬೈಯುತ್ತಾರೆ. ಸೈಟನ್ನು ಯಾರೂ ಸಿದ್ಧ ಮಾಡಿರುವುದಿಲ್ಲ, ಅಷ್ಟೇ.

ಮೊದಲು ಕಳೆ, ಜಲ್ಲಿ ರಾಶಿ ತೆಗೆಸಿ.

ಆಮೇಲೆ ಮೂಲೆಗಳು. ಬದಿಗಳು 30 ಮತ್ತು 40 ಅಡಿ ಇದ್ದು ಮೂಲೆ ಸರಿಯಾಗಿ 90 ಡಿಗ್ರಿ ಇದ್ದರೆ ಕರ್ಣ ಸರಿಯಾಗಿ 50 ಅಡಿ ಬರುತ್ತದೆ. ಎರಡೂ ಕರ್ಣ ಅಳೆಯಿರಿ, ಸ್ಟೀಲ್ ಟೇಪಿನಲ್ಲೇ. ಬಟ್ಟೆ ಟೇಪು ಎಳೆದಷ್ಟೂ ಹಿಗ್ಗುತ್ತದೆ. ಲೆಕ್ಕ ಕೂಡದಿದ್ದರೆ ಸೈಟೇ ಸೊಟ್ಟ ಎಂದರ್ಥ. ಆಗ ಮಾಡೆಲನ್ನು ನಾಲ್ಕೂ ಮೂಲೆಗೆ ಕೂರಿಸಲು ಸುಮ್ನೆ ಒದ್ದಾಡಬೇಡಿ, ನಕ್ಷೆ ತಿದ್ದಿಸಿ.

ಜಾಸ್ತಿ ಜನ ಎಡವುವುದು ಮುಂದಿನ ಹಂತದಲ್ಲಿ. ಒಂದು ಮೂಲೆಯಲ್ಲಿ ಕ್ಯೂಆರ್ ಹಾಳೆ ಇಟ್ಟು, ಅದರಿಂದಲೇ ಜಾಗವನ್ನೂ ದಿಕ್ಕನ್ನೂ ಹಿಡಿಯುತ್ತಾರೆ. ಜಾಗ ಸರಿಯಾಗಿಯೇ ಸಿಗುತ್ತದೆ. ಕೈಕೊಡುವುದು ದಿಕ್ಕು. ಅಷ್ಟು ಚಿಕ್ಕ ಹಾಳೆ ಒಂದು ಡಿಗ್ರಿ ತಿರುಗಿದ್ದು ಕಣ್ಣಿಗೆ ಗೊತ್ತಾಗುವುದಿಲ್ಲ. ಆದರೆ 40 ಅಡಿ ಆಚೆ ಗೋಡೆ ಸುಮಾರು 8 ಇಂಚು ಸರಿದಿರುತ್ತದೆ. ಹಾಗಾಗಿ ಎರಡು ಗುರುತು ಬೇಕೇ ಬೇಕು, ಉದ್ದದ ಬದಿಯ ಎರಡು ತುದಿಗೆ ಒಂದೊಂದು. ಮಾಡೆಲಿನ ಮೂಲೆಯನ್ನು ಮೊದಲ ಗುರುತಿಗೆ ಕೂರಿಸಿ, ಎರಡನೆಯದು ಸೇರುವ ತನಕ ತಿರುಗಿಸಿ. ಎರಡರ ನಡುವೆ ಅಂತರ ಜಾಸ್ತಿ ಇದ್ದಷ್ಟೂ ತಪ್ಪು ಕಡಿಮೆ. ಮರದ ಗೂಟ ನೆಟ್ಟರೆ ಪಾಯ ಅಗೆಯುವ ದಿನವೇ ಮಾಯ. ಕಾಂಕ್ರೀಟಿನಲ್ಲಿ ಮೊಳೆ ಕೂರಿಸಿ, ಅಗೆತ ಮುಟ್ಟದ ಜಾಗದಲ್ಲಿ.

ಫೋನಿನ ದಿಕ್ಸೂಚಿಯಿಂದ ದಿಕ್ಕು ಹಿಡಿಯುವ ಅಡ್ಡದಾರಿ ಬೇಡ. ಪಕ್ಕದಲ್ಲೇ ಕಬ್ಬಿಣದ ರಾಶಿ ಇರುತ್ತದಲ್ವಾ? ಫೋನಿನ ಜಿಪಿಎಸ್ಸೂ ಅಷ್ಟೇ, ಮೀಟರುಗಟ್ಟಲೆ ತಪ್ಪುತ್ತದೆ.

ಹಾಳೆ ಪ್ರಿಂಟ್ ಮಾಡುವಾಗ ‘ಫಿಟ್ ಟು ಪೇಜ್’ ತೆಗೆಯಿರಿ. ಆ್ಯಪ್‌ಗೆ 20 ಸೆಂ.ಮೀ. ಎಂದು ಹೇಳಿ 19 ಅಚ್ಚಾಗಿದ್ದರೆ ದೂರದ ಲೆಕ್ಕವೇ ಕೆಡುತ್ತದೆ. ಹೊಳಪಿಲ್ಲದ ಕಾಗದವನ್ನು ಗಟ್ಟಿ ಹಲಗೆಗೆ ಅಂಟಿಸಿ. ಲ್ಯಾಮಿನೇಶನ್ ಮಾಡಿಸಿದ್ದು, ಫ್ಲೆಕ್ಸು ಎರಡೂ ದಂಡ: ಒಂದು ಬಿಸಿಲಿಗೆ ಮಿಂಚುತ್ತದೆ, ಇನ್ನೊಂದು ಗಾಳಿಗೆ ಉಬ್ಬುತ್ತದೆ.

ಎತ್ತರದ ಮಟ್ಟ ನೋಡಲು ಮೇಸ್ತ್ರಿಯ ನೀರಿನ ಟ್ಯೂಬ್ ಸಾಕು.

ಮಾಡೆಲ್ ಫೈಲಿನ ಸೊನ್ನೆ ಬಿಂದು (ಅಳತೆ ಶುರುವಾಗುವ ಜಾಗ) ಮೊದಲ ಮೊಳೆಯ ಮೇಲೆಯೇ ಇರಲಿ. ಸರ್ವೆಯಲ್ಲಿ ಜಾಗ ಗುರುತಿಸಲು ಕೊಡುವ, ಲಕ್ಷಗಳಲ್ಲಿರುವ ದೊಡ್ಡ ಅಂಕಿಗಳನ್ನು ಹಾಗೇ ಬಿಟ್ಟರೆ ಮನೆ ಪರದೆಯಲ್ಲಿ ನಡುಗುತ್ತದೆ.

ಕ್ಯಾಮೆರಾ ತಾನು ಎಲ್ಲಿದ್ದೇನೆಂದು ತಿಳಿಯುವುದು ಕದಲದ ಅಂಚು, ಕಲೆ, ಬಿರುಕು ನೋಡಿ. ಕ್ಯೂರಿಂಗ್ ನೀರು ನಿಂತ ಸ್ಲ್ಯಾಬ್, ಪುಟ್ಟಿ ಬಳಿದ ಬಿಳಿ ಗೋಡೆ, ಗಾಳಿಗೆ ಆಡುವ ಹಸಿರು ಬಲೆ ಅದರ ದಿಕ್ಕು ತಪ್ಪಿಸುತ್ತವೆ. ನೀರು ಹೋದ ಮೇಲೆ ಒಂದು ಸುತ್ತು ನಿಧಾನ ನಡೆದು, ನಂತರ ಮಾಡೆಲ್ ಇಡಿ.

ಕೊನೆಗೆ, ಕೂರಿಸಲು ಬಳಸದ ಮೂರನೇ ಮೂಲೆಯನ್ನು ನೋಡಿ. ಎರಡು ಇಂಚಿನೊಳಗೆ ಇದ್ದರೆ ಕಿಟಕಿ, ಮೆಟ್ಟಿಲು ಎಲ್ಲಿ ಬರುತ್ತವೆ ಎಂದು ಮನೆಯವರಿಗೆ ತೋರಿಸಬಹುದು. ಕಾಲಂ ಗುರುತು ಮಾತ್ರ ದಾರ ಕಟ್ಟಿಯೋ ಟೋಟಲ್ ಸ್ಟೇಷನ್ (ಸರ್ವೆಯವರ ಅಳತೆ ಯಂತ್ರ) ಇಟ್ಟೋ ಹಾಕಿಸಿ.