ಜೀವಿಯವರ ಅಂಕಣ ಕತ್ತರಿಸಿಟ್ಟುಕೊಂಡು ನಾನು ಕರಡು ತಿದ್ದಲು ಕಲಿತದ್ದು

ಮದುವೆ ಸೀಸನ್ ಬಂತು ಅಂದರೆ ನಮ್ಮ ಪ್ರೆಸ್ಸಿನಲ್ಲಿ ‘ಆಹ್ವಾನ’ ಪದಕ್ಕೆ ಜಗಳ ಶುರುವಾಗುತ್ತಿತ್ತು. ಗಿರಾಕಿ ಬರೆದುಕೊಂಡು ಬಂದ ಚೀಟಿಯಲ್ಲಿ ‘ಆವ್ಹಾನ ಪತ್ರಿಕೆ’ ಅಂತ ಇರುತ್ತಿತ್ತು. ನಾನು ‘ಆಹ್ವಾನ’ ಅಂತ ಮೊಳೆ, ಅಂದರೆ ಅಚ್ಚಿನ ಸೀಸದ ಅಕ್ಷರ, ಜೋಡಿಸುತ್ತಿದ್ದೆ. ಪ್ರೂಫ್ ನೋಡಲು ಬಂದ ಹುಡುಗಿಯ ಸೋದರಮಾವ ಅದನ್ನು ಮತ್ತೆ ‘ಆವ್ಹಾನ’ ಮಾಡಿ ಕೊಡುತ್ತಿದ್ದರು. ‘ಬಾಯಲ್ಲಿ ಹೇಳಿ ನೋಡಪ್ಪ, ವ ಮೊದಲು ಬರುತ್ತೆ’ ಅನ್ನುತ್ತಿದ್ದರು. ಯಜಮಾನರು ಗಲ್ಲಾಪೆಟ್ಟಿಗೆಯ ಹಿಂದಿನಿಂದ ‘ಅವರು ಹೇಳಿದ ಹಾಗೆ ಹಾಕೋ’ ಅಂತ ಕೂಗುತ್ತಿದ್ದರು. ನನ್ನದು ಸರಿ ಅನ್ನೋದು ನನಗೆ ಗೊತ್ತಿತ್ತು. ಯಾಕೆ ಸರಿ ಅಂತ ಹೇಳಲು ಮಾತ್ರ ಬರುತ್ತಿರಲಿಲ್ಲ.

ಇದು ಮಲೆನಾಡಿನ ಸಾಗರದಲ್ಲಿ, 1994ರ ಸುಮಾರಿನ ಮಾತು. ಆಗಿನ್ನೂ ಸಣ್ಣ ಊರಿನ ಪ್ರೆಸ್ಸುಗಳಲ್ಲಿ ಕೈಯಲ್ಲೇ ಮೊಳೆ ಜೋಡಿಸುತ್ತಿದ್ದೆವು. ಹಗಲು ಕಂಪೋಸಿಂಗ್, ಸಂಜೆ ಕರಡು ತಿದ್ದುವುದು, ಎರಡೂ ನನ್ನದೇ. ಕಾಲೇಜು ಮೆಟ್ಟಿಲು ಹತ್ತಿದವನಲ್ಲ. ವ್ಯಾಕರಣ ಅಂತ ಕಲಿತದ್ದು ಹೈಸ್ಕೂಲಿನಲ್ಲಿ ಎಷ್ಟೋ ಅಷ್ಟೇ.

ಪ್ರೆಸ್ಸಿಗೆ ‘ಪ್ರಜಾವಾಣಿ’ ಬರುತ್ತಿತ್ತು. ಅದರಲ್ಲಿ ಎಲ್ಲರೂ ‘ಜೀವಿ’ ಅನ್ನುತ್ತಿದ್ದ ನಿಘಂಟುಕಾರ ಪ್ರೊ. ಜಿ. ವೆಂಕಟಸುಬ್ಬಯ್ಯನವರ ‘ಇಗೋ ಕನ್ನಡ’ ಅಂಕಣ. 1991ರಲ್ಲಿ ಶುರುವಾದದ್ದು. ನಾನು ಕಣ್ಣು ಹಾಕಿದ್ದು ತಡವಾಗಿ. ಓದುಗರು ಪತ್ರ ಬರೆದು ಪದಗಳ ಬಗ್ಗೆ ಕೇಳುತ್ತಿದ್ದರು, ಜೀವಿಯವರು ಉತ್ತರ ಕೊಡುತ್ತಿದ್ದರು. ಒಬ್ಬರಿಗೆ ಗಾದೆಯ ಅರ್ಥ ಬೇಕು, ಇನ್ನೊಬ್ಬರಿಗೆ ಎರಡು ಕಾಗುಣಿತದಲ್ಲಿ ಯಾವುದು ಸರಿ ಅಂತ ತಿಳಿಯಬೇಕು. ನಮ್ಮ ಪ್ರೆಸ್ಸಿನ ಜಗಳವನ್ನೇ ಯಾರೋ ಪೇಪರಿಗೆ ತೆಗೆದುಕೊಂಡು ಹೋದ ಹಾಗೆ ಅನ್ನಿಸಿತು ನನಗೆ. ವ್ಯತ್ಯಾಸ ಇಷ್ಟೇ. ಅಲ್ಲಿ ಕೂಗಾಟ ಇರಲಿಲ್ಲ. ಕೇಳಿದವರು ಯಾರೇ ಆಗಲಿ, ಪ್ರಶ್ನೆ ಎಷ್ಟೇ ಚಿಕ್ಕದಾಗಲಿ, ಅದಕ್ಕೊಂದು ಮರ್ಯಾದೆ ಇತ್ತು.

ಅವತ್ತಿನಿಂದ ಕತ್ತರಿಸಿಡಲು ಶುರು ಮಾಡಿದೆ. ಹೇಗೆ ಮಾಡಿದೆ ಅನ್ನೋದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಊರಿನ ಪೇಪರಿನಲ್ಲಿ ಬರುವ ಯಾವುದೋ ಅಂಕಣ ಇಷ್ಟವಾಗಿ ಕೂಡಿಡಬೇಕು ಅಂದುಕೊಂಡವರಿಗೆ ಉಪಯೋಗಕ್ಕೆ ಬರಬಹುದು.

ಮೊದಲ ವರ್ಷ ಮಾಡಿದ್ದೆಲ್ಲ ಹಾಳಾಯಿತು. ಸೆಲ್ಲೋಟೇಪ್ ಹಚ್ಚಿ ನೋಟ್‌ಬುಕ್ಕಿಗೆ ಅಂಟಿಸಿದ್ದೆ. ಎರಡು ಮಳೆಗಾಲ ಕಳೆಯುವ ಹೊತ್ತಿಗೆ ಟೇಪು ಕಂದು ಬಣ್ಣಕ್ಕೆ ತಿರುಗಿತು. ಅದರ ಅಂಟು ಕಾಗದದೊಳಗೆ ಇಳಿದು ಅಕ್ಷರಗಳ ಮೇಲೆ ಎಣ್ಣೆ ಕಲೆಯ ಹಾಗೆ ಕೂತಿತು. ಆಮೇಲೆ ಪ್ರೆಸ್ಸಿನ ಬೈಂಡಿಂಗ್ ಮಾಡುವ ಅಣ್ಣ ಮೈದಾ ಅಂಟು ಮಾಡುವುದನ್ನು ಹೇಳಿಕೊಟ್ಟರು. ಮೈದಾವನ್ನು ನೀರಲ್ಲಿ ಗಂಟಿಲ್ಲದ ಹಾಗೆ ಕಲಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ, ಇಳಿಸುವಾಗ ಚಿಟಿಕೆ ಮೈಲುತುತ್ತ ಹಾಕಬೇಕು. ಮೈಲುತುತ್ತ ಇಲ್ಲದಿದ್ದರೆ ಜಿರಳೆ ಬರುತ್ತದೆ, ಪುಸ್ತಕದ ಹುಳ ಬರುತ್ತದೆ. ಅದು ವಿಷ, ಆದ್ದರಿಂದ ಅಡುಗೆಯ ಪಾತ್ರೆಯಲ್ಲಿ ಮಾಡಬಾರದು. ಅಂಟನ್ನು ತೆಳ್ಳಗೆ ಸವರಿ, ಮೇಲೆ ಖಾಲಿ ಕಾಗದ ಇಟ್ಟು, ಭಾರ ಹೇರಿ ಒಂದು ರಾತ್ರಿ ಬಿಡಬೇಕು.

ಕತ್ತರಿಗಿಂತ ಬ್ಲೇಡು, ಸ್ಟೀಲ್ ಸ್ಕೇಲು ಒಳ್ಳೆಯದು. ಕೆಳಗೊಂದು ರಟ್ಟು ಇರಲಿ. ಕತ್ತರಿಸುವ ಮೊದಲೇ ಅಂಚಿನಲ್ಲಿ ಪೆನ್ಸಿಲಿನಿಂದ ತಾರೀಖು ಬರೆದುಬಿಡಬೇಕು. ಆಮೇಲೆ ಬರೆದರಾಯಿತು ಅಂದುಕೊಂಡದ್ದು ಯಾವತ್ತೂ ಆಗೋದಿಲ್ಲ. ನನ್ನ ಹತ್ತಿರ ತಾರೀಖಿಲ್ಲದ ಐವತ್ತರವತ್ತು ತುಂಡುಗಳು ಇವತ್ತಿಗೂ ಇವೆ. ಯಾವ ವಾರದವು ಅಂತ ಅವು ಹೇಳುವುದಿಲ್ಲ.

ನಮ್ಮ ಕಡೆಯ ಮಳೆ ನಿಮಗೆ ಗೊತ್ತಲ್ವಾ? ಜೂನಿನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಚಪ್ಪಲಿಗೂ ಬೂಷ್ಟು, ಪುಸ್ತಕಕ್ಕೂ ಬೂಷ್ಟು. ನಮ್ಮ ಅಮ್ಮ ನೋಟ್‌ಬುಕ್ಕುಗಳನ್ನು ಹಳೇ ಸೀರೆಯಲ್ಲಿ ಸುತ್ತಿ ಅಡುಗೆಮನೆಯ ಅಟ್ಟಕ್ಕೆ ಏರಿಸುತ್ತಿದ್ದರು. ಒಲೆಯ ಶಾಖಕ್ಕೆ ಅವು ಒಣಗಿಕೊಂಡಿರುತ್ತಿದ್ದವು. ಹೊಗೆಯ ವಾಸನೆ ಈಗಲೂ ಹೋಗಿಲ್ಲ. ಆದರೆ ಬೂಷ್ಟು ಹಿಡಿಯಲಿಲ್ಲ. ನ್ಯೂಸ್‌ಪ್ರಿಂಟ್ ಕಾಗದ ಏನು ಮಾಡಿದರೂ ಹಳದಿ ಆಗುತ್ತದೆ. ಅದನ್ನು ತಡೆಯಲು ಆಗೋದಿಲ್ಲ. ಜೆರಾಕ್ಸ್ ಅಗ್ಗವಾದ ಮೇಲೆ ಮುಖ್ಯವಾದವನ್ನೆಲ್ಲ ಬಿಳಿ ಹಾಳೆಗೆ ತೆಗೆಸಿಟ್ಟೆ.

ಇಷ್ಟೆಲ್ಲ ಮಾಡಿದರೂ ಕೆಲಸಕ್ಕೆ ಬರಲಿಲ್ಲ. ಪ್ರೆಸ್ಸಿನಲ್ಲಿ ಗಿರಾಕಿ ಎದುರಿಗೆ ನಿಂತಿರುವಾಗ ಮೂರು ಲಾಂಗ್ ನೋಟ್‌ಬುಕ್ ತಿರುವಿ ಹಾಕಿ ಒಂದು ಪದ ಹುಡುಕುವುದು ಹೇಗೆ? ವಾರದ ಪ್ರಕಾರ ಅಂಟಿಸಿದ್ದೆ, ಪದದ ಪ್ರಕಾರ ಅಲ್ಲ.

ದಾರಿ ಸಿಕ್ಕಿದ್ದು ಲೈಬ್ರರಿಯಲ್ಲಿ. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟಿನ ದಪ್ಪ ಸಂಪುಟಗಳನ್ನು ನಾನು ಮೊದಲು ಕೈಯಲ್ಲಿ ಹಿಡಿದದ್ದು ಅಲ್ಲೇ. ಒಟ್ಟು ಎಂಟು ಸಂಪುಟ, ಒಂಬತ್ತು ಸಾವಿರಕ್ಕೂ ಜಾಸ್ತಿ ಪುಟ. ಮೊದಲನೆಯದು 1970ರಲ್ಲಿ, ಕೊನೆಯದು 1995ರಲ್ಲಿ ಬಂತು. ಆ ಕೆಲಸಕ್ಕೆ ಪ್ರಧಾನ ಸಂಪಾದಕರಾಗಿದ್ದವರು ಇದೇ ಜೀವಿ. ಒಂದು ಪುಟ ಬಿಡಿಸಿ ನೋಡಿದೆ. ಪದ, ಅದರ ಅರ್ಥ, ಅರ್ಥದ ಕೆಳಗೆ ಆ ಪದ ಎಲ್ಲಿ ಹೇಗೆ ಬಳಕೆಯಾಗಿದೆ ಅನ್ನುವ ಸಾಲುಗಳು. ಶಾಸನದ್ದೊಂದು, ಪಂಪನದ್ದೊಂದು, ವಚನದ್ದೊಂದು. ಇದಕ್ಕೆ ಪ್ರಯೋಗ ಅನ್ನುತ್ತಾರೆ. ‘ಈ ಪದಕ್ಕೆ ಈ ಅರ್ಥ’ ಅಂತ ಸುಮ್ನೆ ಹೇಳಿ ಮುಗಿಸಿಲ್ಲ. ಯಾರು ಬಳಸಿದ್ದಾರೆ ಅಂತ ತೋರಿಸಿದ್ದಾರೆ. ಇಂಥ ನಿಘಂಟು ಕಟ್ಟುವವರು ಒಂದೊಂದು ಪ್ರಯೋಗವನ್ನೂ ಒಂದೊಂದು ಚೀಟಿಯಲ್ಲಿ ಬರೆದು, ಆ ಚೀಟಿಗಳನ್ನು ಅಕಾರಾದಿಯಾಗಿ ಜೋಡಿಸಿಕೊಳ್ಳುತ್ತಾರೆ ಅಂತ ಲೈಬ್ರರಿಯವರು ಹೇಳಿದರು.

ಚೀಟಿಗೆ ನಮ್ಮಲ್ಲಿ ಬರವೇ? ಲಗ್ನಪತ್ರಿಕೆ ಕತ್ತರಿಸಿದಾಗ ಕಟಿಂಗ್ ಮಷಿನ್ನಿನ ಕೆಳಗೆ ಉದ್ದುದ್ದ ತುಂಡು ಬೀಳುತ್ತಿದ್ದವು. ಗಟ್ಟಿ ಕಾರ್ಡು, ಒಂದು ಬದಿಗೆ ಕೆಲವೊಮ್ಮೆ ಬಂಗಾರದ ಗೆರೆ. ಯಜಮಾನರನ್ನು ಕೇಳಿ ಎಲ್ಲವನ್ನೂ ಒಂದೇ ಅಳತೆಗೆ ಕತ್ತರಿಸಿಕೊಂಡೆ. ಷೂ ಡಬ್ಬಿಯಲ್ಲಿ ನಿಲ್ಲುವಷ್ಟು ಎತ್ತರ. ಮುಂಭಾಗದಲ್ಲಿ ಪದ, ಒಂದೇ ಸಾಲಿನಲ್ಲಿ ಅಂಕಣದ ಉತ್ತರ, ನೋಟ್‌ಬುಕ್ಕಿನ ಪುಟದ ನಂಬರು. ಹಿಂಭಾಗ ಖಾಲಿ. ಅಲ್ಲಿ ಆ ಪದವನ್ನು ನಾನು ಬೇರೆ ಎಲ್ಲಿ ನೋಡಿದೆ, ಯಾರ ಬಾಯಲ್ಲಿ ಕೇಳಿದೆ ಅಂತ ತಾರೀಖಿನ ಜೊತೆ ಬರೆಯುವುದು.

ಜೋಡಿಸುವುದರಲ್ಲೂ ಒಂದು ತಪ್ಪು ಮಾಡಿದ್ದೆ. ಶಾಲೆಯ ಗೋಡೆಯ ಮೇಲಿದ್ದ ಅಕ್ಷರಮಾಲೆಯಲ್ಲಿ ಕ್ಷ, ಜ್ಞ ಕೊನೆಯಲ್ಲಿ ಇದ್ದವು. ನಾನೂ ‘ಕ್ಷಮೆ’, ‘ಜ್ಞಾಪಕ’ ಎಲ್ಲವನ್ನೂ ಡಬ್ಬಿಯ ಕೊನೆಗೆ ತಳ್ಳಿದೆ. ನಿಘಂಟಿನಲ್ಲಿ ಹುಡುಕುವಾಗ ಸಿಗಲೇ ಇಲ್ಲ. ಕ್ಷ ಅಂದರೆ ಕಕಾರಕ್ಕೆ ಷಕಾರದ ಒತ್ತು, ಅದರ ಜಾಗ ಕ ಅಕ್ಷರದಲ್ಲಿ. ಜ್ಞ ಇರಬೇಕಾದ್ದು ಜ ಅಕ್ಷರದಲ್ಲಿ. ಮೊಳೆ ಜೋಡಿಸುವವನಿಗೆ ಇದು ಕೂಡಲೇ ಅರ್ಥವಾಯಿತು.

‘ಆಹ್ವಾನ’ದ ಜಗಳಕ್ಕೂ ಹೀಗೇ ಉತ್ತರ ಸಿಕ್ಕಿತು. ‘ಮಧ್ಯಾಹ್ನ’, ‘ಚಿಹ್ನೆ’, ‘ಆಹ್ವಾನ’ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದೆ. ಸಂಸ್ಕೃತದಲ್ಲಿ ಅಹಸ್ ಅಂದರೆ ಹಗಲು. ಸಮಾಸದಲ್ಲಿ ಅದು ಅಹ್ನ ಆಗುತ್ತದೆ. ಹಗಲಿನ ಮಧ್ಯ ಮಧ್ಯಾಹ್ನ. ಅಲ್ಲಿ ಹಕಾರ ಮೊದಲು, ನಕಾರ ಒತ್ತು. ನಮ್ಮ ನಾಲಿಗೆ ಮಾತ್ರ ಒತ್ತಾಗಿರುವ ಅಕ್ಷರವನ್ನು ಮುಂದಕ್ಕೆ ತಂದುಕೊಳ್ಳುತ್ತದೆ. ‘ಮಧ್ಯಾನ್ಹ’, ‘ಚಿನ್ಹೆ’, ‘ಆವ್ಹಾನ’ ಆಗುವುದು ಹಾಗೆ. ಆಮೇಲೆ ಸೋದರಮಾವಂದಿರು ಬಂದಾಗ ನಾನು ಕಾರ್ಡು ತೆಗೆದು ಮುಂದೆ ಇಡುತ್ತಿದ್ದೆ. ‘ಬಾಯಲ್ಲಿ ನೀವು ಹೇಳೋದೇ ಸರಿ ಸರ್, ಬರೆಯುವಾಗ ಹೀಗೆ’ ಅನ್ನುತ್ತಿದ್ದೆ. ಹೆಚ್ಚಿನವರು ಓದಿ, ತಲೆಯಾಡಿಸಿ, ಸಹಿ ಹಾಕಿ ಹೋಗುತ್ತಿದ್ದರು. ಒಬ್ಬರಂತೂ ಕಾರ್ಡು ಹಿಡಿದುಕೊಂಡು ‘ಇದನ್ನು ಬರೆದುಕೊಳ್ಳಲಾ?’ ಅಂತ ಕೇಳಿದರು.

ಹೆಸರಿನ ವಿಷಯ ಬೇರೆ. ‘ಪ್ರಹ್ಲಾದ’ ಅಂತ ಪುಸ್ತಕದಲ್ಲಿ ಇರಬಹುದು. ಉತ್ತರ ಕರ್ನಾಟಕದ ಕಡೆ ‘ಪ್ರಲ್ಹಾದ’ ಅಂತ ಹೆಸರು ಬರೆಯುವವರು ಬಹಳ. ಅದು ಅವರ ಹೆಸರು, ತಿದ್ದಲು ನಾನು ಯಾರು?

ಇದನ್ನು ಕಲಿತದ್ದು ಸುಲಭವಾಗಿ ಅಲ್ಲ. ಡಬ್ಬಿ ತುಂಬುತ್ತಾ ಬಂದ ಹಾಗೆ ನನಗೆ ತಿದ್ದುವ ಹುರುಪು ಜಾಸ್ತಿಯಾಗಿತ್ತು. ಕರಾವಳಿ ಕಡೆಯಿಂದ ಬಂದು ನಮ್ಮೂರಲ್ಲಿ ನೆಲೆಸಿದ್ದ ಹಿರಿಯರೊಬ್ಬರು ಮಗಳ ಮದುವೆಯ ಕಾಗದ ಕೊಟ್ಟರು. ಕೊನೆಯಲ್ಲಿ ‘ನೆರೆಕರೆಯವರು’ ಅಂತ ಇತ್ತು. ಅಕ್ಷರ ತಪ್ಪಾಗಿದೆ ಅಂದುಕೊಂಡು ‘ನೆರೆಹೊರೆಯವರು’ ಮಾಡಿದೆ. ಅವರಿಗೆ ಪ್ರೂಫ್ ನೋಡಲು ಪುರುಸೊತ್ತಿರಲಿಲ್ಲ. ಮುನ್ನೂರು ಕಾರ್ಡು ಅಚ್ಚಾಯಿತು. ತೆಗೆದುಕೊಂಡು ಹೋಗಲು ಬಂದವರು ಒಂದನ್ನು ಬಿಡಿಸಿ ಓದಿದರು. ಸಿಟ್ಟು ಮಾಡಲಿಲ್ಲ. ‘ನಮ್ಮಲ್ಲಿ ನೆರೆಕರೆ ಅಂತಲೇ ಹೇಳುವುದು ಮಾರಾಯ. ಊರಿನವರು ಇದನ್ನು ಓದಿದರೆ ಇವನು ನಮ್ಮ ಮಾತು ಮರೆತ ಅನ್ನುತ್ತಾರೆ’ ಅಂದರು. ಹಣ ಕೊಟ್ಟು ಹೋದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕರೆ ಅಂದರೆ ದಡ, ಅಂಚು. ಒಂದು ಗದ್ದೆಯ ಅಂಚಿಗೆ ಇನ್ನೊಂದು ಗದ್ದೆ, ಒಂದು ಮನೆಯ ಅಂಗಳದ ಅಂಚಿಗೆ ಇನ್ನೊಂದು ಮನೆ. ಎಷ್ಟು ಚೆಂದದ ಪದ ಅನ್ನಿಸಿತು. ಅದನ್ನು ನಾನು ಅಳಿಸಿಹಾಕಿದ್ದೆ. ಜೀವಿಯವರ ನಿಘಂಟಿನಲ್ಲಿ ಪ್ರಯೋಗ ನೋಡಿ ಅಷ್ಟೆಲ್ಲ ಮೆಚ್ಚಿಕೊಂಡವನು, ಕಣ್ಣೆದುರು ನಿಂತು ಆ ಪದ ಬಳಸುತ್ತಿದ್ದವರನ್ನು ಕೇಳಲಿಲ್ಲ. ಬೆಳಿಗ್ಗೆ ಎದ್ದು ‘ನೆರೆಕರೆ’ಗೆ ಒಂದು ಕಾರ್ಡು ಮಾಡಿದೆ. ಹಿಂಭಾಗದಲ್ಲಿ ಅವರು ಹೇಳಿದ ಮಾತನ್ನು ಹಾಗೇ ಬರೆದೆ. ಅಂಕಣದಿಂದ ಬರದೆ ಜನರಿಂದ ಬಂದ ಮೊದಲ ಕಾರ್ಡು ಅದು. ಆಮೇಲೆ ಅಂಥವು ಬಹಳ ಸೇರಿದವು.

ಎರವಲು ಪದಗಳಿಗೆ ಬೇರೆಯೇ ಕಟ್ಟು ಮಾಡಿದ್ದೆ. ಸಾಬೂನು, ಚಾವಿ, ಅಲಮಾರು ಪೋರ್ಚುಗೀಸರಿಂದ ಬಂದವು. ತರಕಾರಿ, ಗುಲಾಬಿ ಪಾರಸಿಯಿಂದ ಬಂದವು. ಜೀವಿಯವರು ಎರವಲು ಪದಗಳದ್ದೇ ಒಂದು ಕೋಶ ಮಾಡಿದ್ದಾರೆ, ಕ್ಲಿಷ್ಟ ಪದಗಳಿಗೂ ಒಂದು ಮಾಡಿದ್ದಾರೆ. ಅವು ಕೈಗೆ ಸಿಕ್ಕ ಮೇಲೆ ನನ್ನ ಆ ಕಟ್ಟು ನಿಂತಿತು. ಅಂಕಣದ ಬರಹಗಳೂ ಪುಸ್ತಕಗಳಾಗಿ ಬಂದವು. ಹಾಗಾದರೆ ಈ ಕತ್ತರಿಸಿಟ್ಟದ್ದೆಲ್ಲ ಯಾಕೆ ಅಂತ ಮನೆಯಲ್ಲಿ ಕೇಳಿದರು. ಕಾರ್ಡಿನ ಹಿಂಭಾಗ ಯಾವ ಪುಸ್ತಕದಲ್ಲೂ ಇಲ್ಲ ಅಂದೆ.

ಅವರ ಬದುಕಿನ ಬಗ್ಗೆ ಯೋಚಿಸಿದಾಗ ನನಗೆ ಈಗಲೂ ಬೆರಗಾಗುವುದು ಒಂದು ಲೆಕ್ಕಕ್ಕೆ. ಜೀವಿಯವರು ಹುಟ್ಟಿದ್ದು 1913ರ ಆಗಸ್ಟ್ 23ರಂದು. ಅಂಕಣ ಶುರುವಾಗುವಾಗ ಅವರಿಗೆ ಎಪ್ಪತ್ತೇಳೆಂಟು ವರ್ಷ. ಬೆಂಗಳೂರಿನ ವಿಜಯ ಕಾಲೇಜಿನಲ್ಲಿ ಪಾಠ ಹೇಳಿ, ಪ್ರಿನ್ಸಿಪಾಲರಾಗಿ, ಸಾಹಿತ್ಯ ಪರಿಷತ್ತಿನ ಅಧ್ಯಕ್ಷರಾಗಿ, ನಿವೃತ್ತರಾಗಿ ಎಷ್ಟೋ ಕಾಲವಾಗಿತ್ತು. ನಿಘಂಟಿನ ಕೊನೆಯ ಸಂಪುಟ ಇನ್ನೂ ಬರಬೇಕಿತ್ತು. ಆ ವಯಸ್ಸಿನಲ್ಲಿ ಊರೂರಿನ ಜನರ ಪತ್ರ ಬಿಡಿಸಿ ಓದಿ, ಒಂದೂವರೆ ದಶಕಕ್ಕೂ ಜಾಸ್ತಿ ಕಾಲ ಉತ್ತರ ಬರೆದರು.

2011ರಲ್ಲಿ ಬೆಂಗಳೂರಿನ 77ನೇ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ನಾನು ರಾತ್ರಿ ಬಸ್ಸಿಗೆ ಹೋಗಿದ್ದೆ. ಪೆಂಡಾಲಿನ ಹಿಂದಿನ ಸಾಲಿನಿಂದ ಮುಖ ಸರಿಯಾಗಿ ಕಾಣಲಿಲ್ಲ. ಹತ್ತಿರ ಹೋಗಿ ಮಾತಾಡಿಸುವ ಧೈರ್ಯ ಬರಲಿಲ್ಲ. ಜೇಬಿನಲ್ಲಿ ‘ನೆರೆಕರೆ’ ಕಾರ್ಡು ಇಟ್ಟುಕೊಂಡು ಹೋಗಿದ್ದೆ, ಹಾಗೇ ವಾಪಸ್ ತಂದೆ. 2017ರಲ್ಲಿ ಪದ್ಮಶ್ರೀ ಬಂದಾಗ ಪ್ರೆಸ್ಸಿನಲ್ಲಿ ಎಲ್ಲರಿಗೂ ಟೀ ಕೊಡಿಸಿದೆ. 2021ರ ಏಪ್ರಿಲ್ 19ರಂದು ಅವರು ತೀರಿಕೊಂಡರು. ನೂರಾ ಏಳು ವರ್ಷ. ಕೊರೊನಾ ಎರಡನೇ ಅಲೆಯ ದಿನಗಳು. ಮರುದಿನದ ಪೇಪರು ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದೆ. ಆಮೇಲೆ ಅಂಚಿನಲ್ಲಿ ತಾರೀಖು ಬರೆದು, ಬ್ಲೇಡು ತೆಗೆದುಕೊಂಡೆ.

ಪ್ರೆಸ್ಸಿನಲ್ಲಿ ಈಗ ಮೊಳೆಗಳಿಲ್ಲ. ಆಫ್‌ಸೆಟ್ ಬಂದ ಮೇಲೆ ಯಜಮಾನರು ಅವನ್ನು ಕೆಜಿ ಲೆಕ್ಕದಲ್ಲಿ ಗುಜರಿಗೆ ಹಾಕಿದರು. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಲು ಒಬ್ಬಳು ಹುಡುಗಿ ಇದ್ದಾಳೆ. ಎಚ್, ಎಫ್, ವಿ ಒತ್ತಿದರೆ ‘ಹ್ವ’ ಬರುತ್ತದೆ ಅಂತ ನನಗೆ ತೋರಿಸಿಕೊಟ್ಟವಳು ಅವಳೇ. ಹಕಾರವೇ ಮೊದಲು, ಮೊಳೆಯಲ್ಲಿ ಇದ್ದ ಹಾಗೇ. ಡಬ್ಬಿಗಳು ಈಗ ಅವಳ ಮೇಜಿನ ಪಕ್ಕದಲ್ಲಿವೆ.

ಹೋದ ತಿಂಗಳು ತೀರ್ಥಹಳ್ಳಿ ಕಡೆಯವರೊಬ್ಬರು ಹೊಸ ಮನೆಯ ಕಾರ್ಡು ಮಾಡಿಸಲು ಬಂದಿದ್ದರು. ಚೀಟಿಯಲ್ಲಿ ‘ಮನೆ ಒಕ್ಕಲು’ ಅಂತ ಬರೆದಿದ್ದರು.

‘ಗೃಹಪ್ರವೇಶ ಅಂತ ಮಾಡ್ಲಾ ಸರ್?’ ಅಂತ ಹುಡುಗಿ ನನ್ನ ಕಡೆ ತಿರುಗಿದಳು.

‘ನನ್ನನ್ನ ಯಾಕೆ ಕೇಳ್ತೀಯಮ್ಮ, ಅವರನ್ನ ಕೇಳು’ ಅಂದೆ.

ಅವಳು ಕೇಳಿದಳು. ಅವರು ಕುರ್ಚಿ ಎಳೆದುಕೊಂಡು ಕೂತು, ಅಜ್ಜಿಯ ಕಾಲದಿಂದ ತಮ್ಮ ಮನೆಯಲ್ಲಿ ಹೇಗೆ ಹೇಳುತ್ತಿದ್ದರು ಅಂತ ಶುರು ಮಾಡಿದರು. ಅವಳು ಡಬ್ಬಿಯಿಂದ ಒಂದು ಖಾಲಿ ಕಾರ್ಡು ತೆಗೆದು, ಮೊದಲು ತಾರೀಖು ಬರೆದುಕೊಂಡಳು.