ಕುದಿ ಬಂದ ಮೇಲೆ ಉರಿ ತಗ್ಗಿಸಿ

ಅಡುಗೆಮನೆಯಲ್ಲಿ ಕೈಜೋಡಿಸಲು ಬರುವ ಮಕ್ಕಳಿಗೆ ನಾನು ಒಲೆ ಹಚ್ಚುವುದಕ್ಕಿಂತ ಮೊದಲು ಉರಿ ತಗ್ಗಿಸುವುದನ್ನು ಹೇಳಿಕೊಡುತ್ತೇನೆ. ನೀರು ಕೊತಕೊತ ಕುದಿಯತೊಡಗಿದ ಮೇಲೂ ಉರಿಯನ್ನು ಜೋರಾಗಿಯೇ ಇಟ್ಟರೆ ಬೇಗ ಬೇಯುತ್ತದೆ ಎಂಬ ನಂಬಿಕೆ ದೊಡ್ಡವರಲ್ಲಿಯೂ ಇದೆ, ಅದು ಸರಿಯಲ್ಲ. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ಎಷ್ಟೇ ಉರಿ ಕೊಟ್ಟರೂ ಅದರ ತಾಪ ಅಲ್ಲಿಂದ ಮೇಲೇರುವುದಿಲ್ಲ. ಹಾಗಾದರೆ ಕೊಟ್ಟ ಶಾಖವೆಲ್ಲ ಎಲ್ಲಿಗೆ ಹೋಯಿತು ಎಂದು ಮಕ್ಕಳು ಕೇಳಿದರೆ ನನಗೆ ಬಹಳ ಸಂತೋಷವಾಗುತ್ತದೆ. ನೀರಿನ ಕಣಗಳು ಒಂದನ್ನೊಂದು ಹಿಡಿದುಕೊಂಡಿರುತ್ತವೆ; ಆ ಹಿಡಿತವನ್ನು ಬಿಡಿಸಿ ದ್ರವವನ್ನು ಆವಿಯಾಗಿಸುವುದಕ್ಕೆ ಆ ಶಾಖ ಖರ್ಚಾಗುತ್ತದೆ. ಥರ್ಮಾಮೀಟರಿಗೆ ಕಾಣದಂತೆ ಅಡಗಿಕೊಳ್ಳುವ ಈ ಶಾಖವನ್ನು ಗುಪ್ತೋಷ್ಣ ಎನ್ನುತ್ತಾರೆ. 18ನೆಯ ಶತಮಾನದಲ್ಲಿ ಜೋಸೆಫ್ ಬ್ಲ್ಯಾಕ್ ಎಂಬ ಸ್ಕಾಟ್ಲೆಂಡಿನ ವಿಜ್ಞಾನಿ ಇದನ್ನು ಗುರುತಿಸಿ ಅಳೆದರು. ಒಂದು ಗ್ರಾಂ ನೀರಿನ ತಾಪವನ್ನು ಒಂದು ಡಿಗ್ರಿ ಏರಿಸಲು ಸುಮಾರು 4.2 ಜೂಲ್ (ಜೂಲ್ ಎಂದರೆ ಶಾಖವನ್ನು ಅಳೆಯುವ ಮಾನ) ಸಾಕು, ಆದರೆ ಕುದಿಯುತ್ತಿರುವ ಅದೇ ಒಂದು ಗ್ರಾಂ ನೀರು ಪೂರ್ತಿ ಆವಿಯಾಗಲು ಸುಮಾರು 2,260 ಜೂಲ್ ಬೇಕು. ಜೋರು ಉರಿಯಲ್ಲಿ ನಾವು ಹೆಚ್ಚಿಸುವುದು ಆವಿಯನ್ನೇ ಹೊರತು ನೀರಿನ ಬಿಸಿಯನ್ನಲ್ಲ. ಆದ್ದರಿಂದ ಕುದಿ ಬಂದೊಡನೆ ಉರಿಯನ್ನು ಸಣ್ಣದು ಮಾಡಿ, ಕುದಿ ನಿಲ್ಲದಷ್ಟು ಮಾತ್ರ ಉಳಿಸಿಕೊಂಡು, ಮುಚ್ಚಳ ಮುಚ್ಚಬೇಕು.

ನಿಜವಾಗಿಯೂ ಬೇಗ ಬೇಯಬೇಕಿದ್ದರೆ ದಾರಿ ಪ್ರೆಷರ್ ಕುಕ್ಕರ್. ಒಳಗೆ ಸಿಕ್ಕಿಕೊಂಡ ಆವಿ ಒತ್ತಡವನ್ನು ಏರಿಸುವುದರಿಂದ ಅಲ್ಲಿ ನೀರಿನ ತಾಪ ಸುಮಾರು 120 ಡಿಗ್ರಿಯವರೆಗೆ ಹೋಗುತ್ತದೆ. ಅಲ್ಲಿಯೂ ಒತ್ತಡ ಕಟ್ಟಿದ ಮೇಲೆ ಉರಿ ತಗ್ಗಿಸುವುದೇ ಸರಿ, ಒತ್ತಡ ತಾನಾಗಿ ಇಳಿಯುವವರೆಗೆ ಮುಚ್ಚಳಕ್ಕೆ ಕೈಹಾಕಬಾರದು.

ಆವಿಯ ವಿಷಯದಲ್ಲಿ ನಾನು ಮಕ್ಕಳನ್ನು ಪದೇ ಪದೇ ಎಚ್ಚರಿಸುತ್ತೇನೆ, ಏಕೆಂದರೆ ಅದರಿಂದ ನಾನೇ ಕೈ ಸುಟ್ಟುಕೊಂಡಿದ್ದೇನೆ. ಕುದಿಯುವ ಪಾತ್ರೆಯ ಮುಚ್ಚಳದ ನನ್ನ ಕಡೆಯ ಅಂಚನ್ನು ಅವಸರದಲ್ಲಿ ಮೊದಲು ಎತ್ತಿದೆ. ಒಳಗಿದ್ದ ಆವಿಯೆಲ್ಲ ಒಮ್ಮೆಲೇ ನುಗ್ಗಿ ಮಣಿಕಟ್ಟಿನ ಒಳಭಾಗಕ್ಕೆ ತಗಲಿತು, ತಗಲಿದಲ್ಲೆಲ್ಲ ಸಣ್ಣ ಹನಿಗಳು ಕಟ್ಟಿದವು. ಸುಟ್ಟದ್ದು ಆ ಹನಿ ಕಟ್ಟುವ ಕ್ಷಣದಲ್ಲಿಯೇ. ಒಂದು ಗ್ರಾಂ ಕುದಿನೀರು ಮೈಯ ತಾಪಕ್ಕೆ ಇಳಿಯುವಾಗ ಬಿಟ್ಟುಕೊಡುವ ಶಾಖ ಸುಮಾರು 260 ಜೂಲ್. ಒಂದು ಗ್ರಾಂ ಆವಿಯಾದರೋ ಮೊದಲು ನೀರಾಗುತ್ತ 2,260 ಜೂಲ್ ಸುರಿದು, ಆಮೇಲೆ ಈ 260ನ್ನೂ ಕೊಡುತ್ತದೆ. ಆದ್ದರಿಂದ ಮುಚ್ಚಳದ ಆಚೆಯ ಅಂಚನ್ನು ಮೊದಲು ಎತ್ತಿ, ಮುಚ್ಚಳವೇ ಮುಖಕ್ಕೂ ಕೈಗೂ ಮರೆಯಾಗುವಂತೆ ಹಿಡಿಯಬೇಕು. ಕೆಟಲಿನ ಮೂತಿಯನ್ನು ದೂರದಿಂದ ಗಮನಿಸಿದರೆ, ಮೂತಿಯ ತುದಿಗೂ ಬಿಳಿ ಹೊಗೆಯಂಥದಕ್ಕೂ ನಡುವೆ ಏನೂ ಇಲ್ಲವೆನಿಸುವ ಒಂದು ಸಣ್ಣ ತೆರವು ಕಾಣುತ್ತದೆ. ನಿಜವಾದ ಆವಿ ಇರುವುದು ಅಲ್ಲಿ, ಅದು ಕಣ್ಣಿಗೆ ಕಾಣುವುದಿಲ್ಲ. ಬಿಳಿಯಾಗಿ ಕಾಣುವುದು ಆಗಲೇ ತಣಿದು ಹನಿಯಾದ ನೀರು. ಸುಟ್ಟರೆ ಕೂಡಲೇ ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಯಬೇಕು, ಮಂಜುಗಡ್ಡೆ ಇಡಬಾರದು, ಗಾಯ ದೊಡ್ಡದಾಗಿದ್ದರೆ ವೈದ್ಯರಲ್ಲಿಗೆ ಹೋಗಬೇಕು.

ಬಿಸಿ ಪಾತ್ರೆ ಇಳಿಸುವ ಬಟ್ಟೆ ಒಣಗಿರಲೇಬೇಕು. ಒಣ ಬಟ್ಟೆಯ ಎಳೆಗಳ ನಡುವೆ ಗಾಳಿ ನಿಂತಿರುತ್ತದೆ, ಗಾಳಿಯ ಮೂಲಕ ಶಾಖ ಸುಲಭವಾಗಿ ದಾಟುವುದಿಲ್ಲ. ಬಟ್ಟೆ ಒದ್ದೆಯಾದರೆ ಗಾಳಿಯ ಜಾಗಕ್ಕೆ ನೀರು ಬರುತ್ತದೆ, ನೀರು ನಿಂತ ಗಾಳಿಗಿಂತ 20 ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖವನ್ನು ವಹಿಸುತ್ತದೆ. ಪಾತ್ರೆಯಲ್ಲಿಯೇ ಬಿಡುವ ಸೌಟಿಗೆ ಮರದ ಹಿಡಿ ಇರಬೇಕೆನ್ನುವುದೂ ಇದೇ ಉಷ್ಣವಹನದ, ಅಂದರೆ ವಸ್ತುವಿನ ಮೂಲಕ ಶಾಖ ದಾಟುವುದರ, ಕಾರಣಕ್ಕೆ.

ಬಿಸಿ ಪದಾರ್ಥವನ್ನು ಬೇಗ ಆರಿಸಬೇಕಾದಾಗ ಶಾಖವನ್ನು ಚೆನ್ನಾಗಿ ವಹಿಸುವ ನೀರಿನ ಗುಣವೇ ನಮಗೆ ಸಹಾಯಕ್ಕೆ ಬರುತ್ತದೆ. ಪಾತ್ರೆಯನ್ನು ಮೇಜಿನ ಮೇಲೆ ಬಿಟ್ಟು ಗಾಳಿಗಾಗಿ ಕಾಯುವ ಬದಲು, ಅಗಲವಾದ ಬೋಗುಣಿಯಲ್ಲಿ ತಣ್ಣೀರು ತುಂಬಿ ಅದರಲ್ಲಿ ಇಳಿಸಿ, ಒಳಗಿನದನ್ನು ಆಗಾಗ ಕಲಕುತ್ತಿರಿ. ಆ ನೀರಿಗೆ ಮಂಜುಗಡ್ಡೆ ಹಾಕಿದರೆ ಇನ್ನೂ ಒಳ್ಳೆಯದು: ಸೊನ್ನೆ ಡಿಗ್ರಿಯಲ್ಲಿರುವ ಒಂದು ಗ್ರಾಂ ಮಂಜು ಕರಗುವುದಕ್ಕೇ ಸುಮಾರು 334 ಜೂಲ್ ಹೀರಿಕೊಳ್ಳುತ್ತದೆ, ಅಂದರೆ ಒಂದು ಗ್ರಾಂ ನೀರನ್ನು 80 ಡಿಗ್ರಿಯಷ್ಟು ತಣಿಸುವಷ್ಟು. ಮಂಜು ತೇಲುತ್ತಿರುವಲ್ಲಿ ತಣಿದ ನೀರು ಭಾರವಾಗಿ ಕೆಳಗಿಳಿಯುತ್ತದೆ, ಬಿಸಿಯಾದದ್ದು ಮೇಲಕ್ಕೆ ಬರುತ್ತದೆ. ಸಂವಹನವೆಂದು ಪಾಠದಲ್ಲಿ ಓದುವ ಈ ಸುತ್ತಾಟವನ್ನು ಒಂದು ಹನಿ ಬಣ್ಣ ಹಾಕಿದರೆ ಮಕ್ಕಳು ಕಣ್ಣಾರೆ ನೋಡಬಹುದು.

ಫ್ಲಾಸ್ಕಿನಲ್ಲಿ ಗೋಡೆಗಳ ನಡುವಿನ ನಿರ್ವಾತ, ಅಂದರೆ ಗಾಳಿಯಿಲ್ಲದ ತೆರವು, ವಹನವನ್ನೂ ಸಂವಹನವನ್ನೂ ತಡೆಯುತ್ತದೆ, ಹೊಳೆಯುವ ಮೈ ವಿಕಿರಣವನ್ನು, ಅಂದರೆ ಬೆಳಕಿನಂತೆ ಹೊರಸೂಸುವ ಶಾಖವನ್ನು, ಹಿಂದಿರುಗಿಸುತ್ತದೆ. ಫ್ಲಾಸ್ಕಿಗೆ ಮೊದಲು ಸ್ವಲ್ಪ ಬಿಸಿನೀರು ಹಾಕಿ ಚೆಲ್ಲಿದರೆ ಒಳಗೋಡೆಯೂ ಬಿಸಿಯಾಗಿ, ಆಮೇಲೆ ತುಂಬಿದ ಪಾನೀಯದ ಶಾಖ ಉಳಿಯುತ್ತದೆ.

ಗಾಜಿನ ಬಾಟಲಿಯಲ್ಲಿ ನೀರು ತುಂಬಿ ಫ್ರೀಜರಿನಲ್ಲಿ ಎಂದೂ ಇಡಬೇಡಿ. ನೀರು ಗಟ್ಟಿಯಾಗುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಗಾಜು ಹಿಗ್ಗಿ ಜಾಗ ಕೊಡುವುದಿಲ್ಲ. ಪ್ಲಾಸ್ಟಿಕ್ ಡಬ್ಬಿಯಾದರೂ ಕಂಠದವರೆಗೆ ತುಂಬದೆ, ಮೇಲೆ ಎರಡು ಬೆರಳಷ್ಟು ಜಾಗ ಬಿಟ್ಟು ಇಡಿ.